ಆರ್ಟಿಬೊನೀಟ್ ಕಣಿವೆಯ ಭತ್ತ: ಹೈಟಿಯ ಬಿಕ್ಕಟ್ಟಿನ ಒಂದು ಪ್ರಕರಣ ಅಧ್ಯಯನ

2024ರ ಅಕ್ಟೋಬರ್ 3ರ ನಸುಕಿನಲ್ಲಿ, ಊರು ಇನ್ನೂ ಮಲಗಿದ್ದಾಗ, ಹೈಟಿಯ ಪೋಂಟ್-ಸೊಂಡೆಗೆ ಗ್ರಾನ್ ಗ್ರಿಫ್ ಎಂಬ ಶಸ್ತ್ರಧಾರಿ ಗುಂಪು ನುಗ್ಗಿತು. ಸಿಕ್ಕವರ ಮೇಲೆ ಗುಂಡು ಹಾರಿಸಿತು, ಮನೆಗಳಿಗೂ ವಾಹನಗಳಿಗೂ ಬೆಂಕಿ ಇಟ್ಟಿತು. ಮೊದಲು 70 ಎಂದು ಹೇಳಲಾಗಿದ್ದ ಸಾವಿನ ಲೆಕ್ಕ ಕೆಲವೇ ದಿನಗಳಲ್ಲಿ 115ಕ್ಕೆ ಏರಿತು. ಸತ್ತವರಲ್ಲಿ ಹಸುಗೂಸುಗಳೂ ಇದ್ದವು. ಬದುಕುಳಿದ ಆರು ಸಾವಿರಕ್ಕೂ ಹೆಚ್ಚು ಜನರು ಕೈಗೆ ಸಿಕ್ಕಿದ ಗಂಟುಮೂಟೆ ಹೊತ್ತು ಕರಾವಳಿಯ ಸೇಂಟ್-ಮಾರ್ಕ್ ಪಟ್ಟಣದ ಕಡೆ ಹೊರಟರು. ಅಲ್ಲಿನ ಚರ್ಚು, ಶಾಲೆ ಮತ್ತು ಬಂಧುಗಳ ಮನೆಗಳು ಅವರಿಗೆ ನೆಲೆಯಾದವು.

ಪೋಂಟ್-ಸೊಂಡೆ ಅಕ್ಕಿಯ ಸಂತೆಗೆ ಹೆಸರಾದ ಊರು. ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಈ ಊರಿನ ಬಳಿ ಆರ್ಟಿಬೊನೀಟ್ ನದಿಯನ್ನು ದಾಟುತ್ತದೆ. ನದಿಯ ಎರಡೂ ಬದಿಗೆ ಹರಡಿಕೊಂಡಿರುವ ಗದ್ದೆಗಳೇ ಹೈಟಿಯ ಅಕ್ಕಿಯ ಕಣಜ. ಹೈಟಿಯ ಬಗ್ಗೆ ಬರುವ ಬಹುತೇಕ ಬರಹಗಳು ರಾಜಧಾನಿಯ ಗುಂಡಿನ ಸದ್ದಿನಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಆ ದೇಶದ ರಾಜಕೀಯ, ಆರ್ಥಿಕ ಮತ್ತು ಸಾಮಾಜಿಕ ಕುಸಿತವನ್ನು ಅರ್ಥ ಮಾಡಿಕೊಳ್ಳಲು ರಾಜಧಾನಿಗಿಂತ ಈ ಕಣಿವೆಯೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕಳೆದ ನಲವತ್ತು ವರ್ಷಗಳಲ್ಲಿ ಹೈಟಿಯ ಮೇಲೆ ಎರಗಿದ ಪ್ರತಿಯೊಂದು ಆಪತ್ತೂ, ಅದು ಸುಂಕದ ಕಡಿತವಿರಲಿ, ಭೂಕಂಪವಿರಲಿ, ಕಾಲರಾ ಇರಲಿ, ಬಂದೂಕಿನ ಆಳ್ವಿಕೆ ಇರಲಿ, ಈ ಗದ್ದೆಗಳನ್ನು ತಟ್ಟದೆ ಹೋಗಿಲ್ಲ. ಇವುಗಳಲ್ಲಿ ಹೆಚ್ಚಿನವುಗಳ ಹಿಂದೆ ಯಾರೋ ಒಬ್ಬರು ಕುಳಿತು ಮಾಡಿದ ತೀರ್ಮಾನವಿದೆ, ಆ ತೀರ್ಮಾನ ಮಾಡಿದ ಕೋಣೆಯಲ್ಲಿ ಕಣಿವೆಯ ರೈತನಿಗೆ ಜಾಗವಿರಲಿಲ್ಲ ಎಂಬುದನ್ನು ತೋರಿಸುವುದು ಈ ಅಧ್ಯಯನದ ಉದ್ದೇಶ.

ಕಣಿವೆ ಮತ್ತು ಅದರ ಕಾಲುವೆಗಳು

ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮದ ಮೂರನೇ ಒಂದು ಭಾಗ ಹೈಟಿ. ಉಳಿದದ್ದು ಡೊಮಿನಿಕನ್ ಗಣರಾಜ್ಯ. ಹೈಟಿಯ ಬಹುಪಾಲು ಗುಡ್ಡಬೆಟ್ಟಗಳ ನೆಲ, ಹೀಗಾಗಿ ನೀರು ನಿಲ್ಲುವ ಸಮತಟ್ಟಾದ ಭೂಮಿ ಅಲ್ಲಿ ಅಪರೂಪ. ಡೊಮಿನಿಕನ್ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಗೊನಾವ್ ಕೊಲ್ಲಿಯನ್ನು ಸೇರುವ ಆರ್ಟಿಬೊನೀಟ್, ಇಡೀ ದ್ವೀಪದಲ್ಲೇ ಉದ್ದವಾದ ನದಿ. 1950ರ ದಶಕದಲ್ಲಿ ಅಮೆರಿಕದ ಸಾಲದ ಹಣದಿಂದ ಇದಕ್ಕೆ ಪೆಲಿಗ್ರ್ ಎಂಬಲ್ಲಿ ಅಣೆಕಟ್ಟು ಕಟ್ಟಲಾಯಿತು. ಮೇಲಿನ ಕಣಿವೆಯ ಫಲವತ್ತಾದ ಹೊಲಗಳು ಮುಳುಗಿ, ಅಲ್ಲಿನ ಕುಟುಂಬಗಳು ಸರಿಯಾದ ಪರಿಹಾರವೂ ಸಿಗದೆ ಬೋಳುಗುಡ್ಡಗಳನ್ನು ಹತ್ತಿದವು. ಕೆಳಗಿನ ಕಣಿವೆಗೆ ಕಾಲುವೆಯ ನೀರು ಬಂತು. ಬೆಟ್ಟದ ಮೇಲೆ ನೆಲೆ ಕಳೆದುಕೊಂಡವರು ಇದ್ದಿಲು ಸುಟ್ಟು, ಇಳಿಜಾರಿನಲ್ಲಿ ಜೋಳ ಬಿತ್ತಿ ಬದುಕಿದರು. ಮರ ಉರುಳಿದ ಆ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿ ಜಲಾಶಯವನ್ನೇ ಸೇರಿತು. ಇಂದು ಪೆಲಿಗ್ರ್ ಜಲಾಶಯದ ಬಹುಭಾಗ ಹೂಳು. ಕಾಲುವೆಗಳ ಹೂಳೆತ್ತುವ, ತೂಬು ದುರಸ್ತಿ ಮಾಡುವ ಕೆಲಸ 1949ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಣಿವೆ ಅಭಿವೃದ್ಧಿ ಸಂಸ್ಥೆಯದು. ಆದರೆ ಹಣವಿಲ್ಲದ ಸರ್ಕಾರದ ಕೆಳಗೆ ಅದು ಸೊರಗಿದ್ದರಿಂದ, ಕೊನೆಯ ಅಂಚಿನ ಗದ್ದೆಗಳಿಗೆ ನೀರು ತಲುಪದೆ ಇರುವುದು ಅಲ್ಲಿ ಹಳೆಯ ದೂರು.

ಇಲ್ಲಿನ ಹಿಡುವಳಿಗಳು ಸಣ್ಣವು, ಬಹುತೇಕ ಒಂದು ಹೆಕ್ಟೇರಿಗೂ ಕಡಿಮೆ. ನಾಟಿಯ ಮತ್ತು ಕೊಯ್ಲಿನ ಸಮಯದಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಇಂದು ಒಬ್ಬರ ಗದ್ದೆ, ನಾಳೆ ಮತ್ತೊಬ್ಬರ ಗದ್ದೆ ಎಂದು ದುಡಿಯುವ ಪದ್ಧತಿಗೆ ಹೈಟಿಯ ಕ್ರೆಯೋಲ್ ಭಾಷೆಯಲ್ಲಿ ಕೊಂಬಿಟ್ ಎಂದು ಹೆಸರು. ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡೋಲು ಮತ್ತು ಹಾಡಿನ ಜೊತೆ ಸಾಗುವ ಆ ದುಡಿಮೆಗೆ ಗದ್ದೆಯ ಯಜಮಾನ ಕೊಡುವುದು ಊಟ. ಕೂಲಿಯ ಲೆಕ್ಕ ಅಲ್ಲಿಲ್ಲ. ಬೆಳೆದ ಅಕ್ಕಿ ಸಂತೆಗೆ ಬಂದ ಮೇಲೆ ಅದನ್ನು ಅಳೆಯುವುದು ಮಾಮಿಟ್ ಎಂಬ ತಗಡಿನ ಡಬ್ಬಿಯಲ್ಲಿ. ಡಬ್ಬಿಯನ್ನು ತುಂಬಿ, ಮೇಲೆ ಗೋಪುರದಂತೆ ಅಕ್ಕಿ ಏರಿಸಿ ಸುರಿದರೆ ಅದು ಒಂದು ಮಾಮಿಟ್. ಅಕ್ಕಿಯನ್ನು ಕಣಿವೆಯಿಂದ ಕೊಂಡು, ಟ್ರಕ್ಕಿನ ಮೇಲೆ ಮೂಟೆಗಳ ಜೊತೆ ತಾವೂ ಕುಳಿತು ರಾಜಧಾನಿಗೆ ಒಯ್ಯುವವರು ಮಾದಾಮ್ ಸಾರಾ ಎಂದು ಕರೆಯುವ ವ್ಯಾಪಾರಿ ಹೆಂಗಸರು. ಎಲ್ಲಿ ಕಾಳಿದೆಯೋ ಅಲ್ಲಿಗೆ ಗದ್ದಲ ಮಾಡುತ್ತ ಹಾರಿಬರುವ ಒಂದು ಹಕ್ಕಿಯ ಹೆಸರು ಅದು. ಬ್ಯಾಂಕು ತಲುಪದ ಊರುಗಳಲ್ಲಿ ರೈತರಿಗೆ ಕೈಗಡ ಕೊಡುವವರೂ, ಹೊಸ ದರದ ಸುದ್ದಿ ತರುವವರೂ ಇವರೇ. ಹೈಟಿಯ ಒಳನಾಡಿನ ವ್ಯಾಪಾರವೆಲ್ಲ ಈ ಹೆಂಗಸರ ಹೆಗಲ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹಳೆಯ ಸಾಲ

ಇಂಥ ರೈತನ ಬೆನ್ನಿಗೆ ನಿಲ್ಲಬೇಕಾದ ಸರ್ಕಾರ ಏಕೆ ಹುಟ್ಟಲೇ ಇಲ್ಲ ಎಂಬ ಪ್ರಶ್ನೆಗೆ ಉತ್ತರ ಇನ್ನೂರು ವರ್ಷ ಹಿಂದಿದೆ. ಫ್ರಾನ್ಸಿನ ಅತ್ಯಂತ ಲಾಭದಾಯಕ ವಸಾಹತಾಗಿದ್ದ ಸೇಂಟ್-ಡೊಮಿಂಗ್‌ನ, ಅಂದರೆ ಇಂದಿನ ಹೈಟಿಯ, ಸುಮಾರು 5 ಲಕ್ಷ ಗುಲಾಮರು 1791ರ ಆಗಸ್ಟಿನಲ್ಲಿ ದಂಗೆ ಎದ್ದರು. ನೆಪೋಲಿಯನ್ ಕಳುಹಿಸಿದ ಸೈನ್ಯವನ್ನು 1803ರ ನವೆಂಬರ್ 18ರಂದು ವೆರ್ಟಿಯೆರ್‌ನಲ್ಲಿ ಸೋಲಿಸಿದರು. 1804ರ ಜನವರಿ 1ರಂದು, ಇದೇ ಆರ್ಟಿಬೊನೀಟ್ ಪ್ರಾಂತದ ಗೊನಾಯಿವ್‌ನಲ್ಲಿ, ಅವರ ಸೇನಾನಾಯಕ ಡೆಸ್ಸಲೀನ್ ಹೈಟಿಯ ಸ್ವಾತಂತ್ರ್ಯವನ್ನು ಘೋಷಿಸಿದ. ಗುಲಾಮರೇ ಕಟ್ಟಿದ ರಾಷ್ಟ್ರ ಜಗತ್ತಿನಲ್ಲಿ ಅದೊಂದೇ. ಆ ಗೆಲುವಿಗೆ ದಂಡ ವಿಧಿಸಲಾಯಿತು ಎಂಬುದನ್ನು ಮಾತ್ರ ನಮ್ಮ ಶಾಲಾ ಪುಸ್ತಕಗಳು ಹೇಳುವುದಿಲ್ಲ. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್ 14 ಯುದ್ಧನೌಕೆಗಳನ್ನು ಕಳುಹಿಸಿ, ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಫ್ರೆಂಚರಿಗೆ ಹೈಟಿ 15 ಕೋಟಿ ಫ್ರಾಂಕ್ ಪರಿಹಾರ ಕೊಟ್ಟರೆ ಮಾತ್ರ ಸ್ವಾತಂತ್ರ್ಯವನ್ನು ಮಾನ್ಯ ಮಾಡುವುದಾಗಿ ತಿಳಿಸಿದ. ಮೊದಲ ಕಂತಾದ 3 ಕೋಟಿ ಫ್ರಾಂಕನ್ನು ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ ಸಾಲ ಪಡೆಯಬೇಕಾಯಿತು. ಬ್ಯಾಂಕುಗಳು ಅದರಲ್ಲಿ 60 ಲಕ್ಷವನ್ನು ಆರಂಭದಲ್ಲೇ ಮುರಿದುಕೊಂಡವು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಲಾಯಿತಾದರೂ, ಇದರ ಬೆನ್ನಿಗೆ ಬೆಳೆದ ಸಾಲಗಳ ಬಾಲ ಕಡಿದುಹೋದದ್ದು 1947ರಲ್ಲಿ. ಈ ಹಣದ ಬಹುಪಾಲು ಬಂದದ್ದು ರೈತ ಬೆಳೆದ ಕಾಫಿಯ ಮೇಲೆ ಹಾಕಿದ ತೆರಿಗೆಯಿಂದ. ರಸ್ತೆ, ಶಾಲೆ, ಕಾಲುವೆಗೆ ಹೋಗಬೇಕಾದ್ದು ಬಡ್ಡಿಗೆ ಹೋಯಿತು.

1914ರ ಡಿಸೆಂಬರಿನಲ್ಲಿ ಅಮೆರಿಕದ ಸೈನಿಕರು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಹಡಗಿಗೆ ಏರಿಸಿ ನ್ಯೂಯಾರ್ಕಿಗೆ ಒಯ್ದರು. ಮರುವರ್ಷ ದೇಶವನ್ನೇ ಹಿಡಿದು 1934ರವರೆಗೆ ಆಳಿದರು. 1957ರಿಂದ 1986ರವರೆಗೆ ಡುವಾಲಿಯೆ ತಂದೆ-ಮಗನ ಸರ್ವಾಧಿಕಾರ. ಹೀಗೆ ಬಂದರು, ಸುಂಕದ ಕಟ್ಟೆ ಮತ್ತು ಖಜಾನೆಯ ಕೀಲಿಕೈ ಎಂದೂ ಊರಿನವರ ಕೈಗೆ ಬರಲಿಲ್ಲ. ಆಳುವವರಿಗೆ ಹಳ್ಳಿ ಎಂದರೆ ತೆರಿಗೆ ಎತ್ತುವ ಜಾಗವೇ ಆಗಿತ್ತು. ಅವರು ಮಾತನಾಡುತ್ತಿದ್ದ ಫ್ರೆಂಚ್ ಹಳ್ಳಿಯವರಿಗೆ ಅರ್ಥವಾಗುತ್ತಿರಲಿಲ್ಲ, ಹಳ್ಳಿಯವರ ಕ್ರೆಯೋಲ್ ಆಡಳಿತ ಭಾಷೆಯ ಸ್ಥಾನ ಪಡೆಯಲು 1987ರ ಸಂವಿಧಾನದವರೆಗೆ ಕಾಯಬೇಕಾಯಿತು.

ಅಗ್ಗದ ಅಕ್ಕಿಯ ಬೆಲೆ

1980ರ ದಶಕದ ಮಧ್ಯದವರೆಗೂ ಹೈಟಿ ತಾನು ಉಣ್ಣುವ ಅಕ್ಕಿಯ ಬಹುಪಾಲನ್ನು ತಾನೇ ಬೆಳೆಯುತ್ತಿತ್ತು. ಆಗ ಅಕ್ಕಿ ದಿನನಿತ್ಯದ ಊಟವೂ ಆಗಿರಲಿಲ್ಲ. ಬಡವರ ಮನೆಯಲ್ಲಿ ಪಿಟಿಮಿ ಎಂದು ಕರೆಯುವ ಜೋಳ, ಮೆಕ್ಕೆಜೋಳ, ಗೆಣಸು, ದಿವಿ ಹಲಸು ಮುಖ್ಯವಾಗಿದ್ದವು. ಅನ್ನ ಭಾನುವಾರದ್ದು, ಹಬ್ಬದ್ದು.

ಅಕ್ಕಿಗೂ ಮುಂಚೆ ಹೋದದ್ದು ಹಂದಿ. ಆಫ್ರಿಕನ್ ಹಂದಿಜ್ವರ ಹರಡೀತು ಎಂಬ ಭಯದಿಂದ, ಅಮೆರಿಕ ಮುಂದೆ ನಿಂತು ನಡೆಸಿದ ಕಾರ್ಯಕ್ರಮದಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ ಹೈಟಿಯ ಕಪ್ಪು ನಾಡಹಂದಿಗಳನ್ನು ಒಂದೂ ಉಳಿಯದಂತೆ ಕೊಲ್ಲಲಾಯಿತು. ಕಸಕಡ್ಡಿ ತಿಂದು ಬೆಳೆಯುತ್ತಿದ್ದ ಆ ಹಂದಿ ರೈತನ ಉಳಿತಾಯ ಖಾತೆಯಾಗಿತ್ತು: ಮಗುವಿನ ಶಾಲೆಯ ಶುಲ್ಕಕ್ಕೆ, ಮದುವೆಗೆ, ಮಣ್ಣಿಗೆ ಅದನ್ನು ಮಾರಿ ಹಣ ಹೊಂದಿಸುತ್ತಿದ್ದರು. ಬದಲಿಗೆ ಬಂದ ಅಮೆರಿಕದ ಹಂದಿಗಳಿಗೆ ಕೊಂಡು ತಂದ ಮೇವು, ಸಿಮೆಂಟಿನ ಕೊಟ್ಟಿಗೆ, ಶುದ್ಧ ನೀರು ಬೇಕಾದವು. ಹಳ್ಳಿಯವರು ಅವುಗಳಿಗೆ ಇಟ್ಟ ಹೆಸರು ನಾಲ್ಕು ಕಾಲಿನ ರಾಜಕುಮಾರರು. ಆ ಹಂದಿಗಳು ಬಾಳಲಿಲ್ಲ. ಹೀಗೆ ಕಷ್ಟಕಾಲದ ಗಂಟು ಕರಗಿದ ಮೇಲೆ ಭತ್ತದ ಬೆಲೆ ಬಿದ್ದದ್ದು.

1986ರಲ್ಲಿ ಡುವಾಲಿಯೆ ಓಡಿಹೋದ ನಂತರ ಬಂದ ಸೇನಾ ಸರ್ಕಾರ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಷರತ್ತುಗಳನ್ನು ಒಪ್ಪಿ ಆಮದಿನ ಬಾಗಿಲು ತೆರೆಯತೊಡಗಿತು. 1990ರ ಡಿಸೆಂಬರಿನ ಚುನಾವಣೆಯಲ್ಲಿ ಬಡವರ ಪಾದ್ರಿ ಎಂದೇ ಹೆಸರಾಗಿದ್ದ ಜಾನ್-ಬರ್ಟ್ರಾಂಡ್ ಅರಿಸ್ಟಿಡ್ ಭಾರಿ ಬಹುಮತದಿಂದ ಗೆದ್ದರು. ಅಧಿಕಾರ ವಹಿಸಿಕೊಂಡು ಎಂಟು ತಿಂಗಳೂ ತುಂಬುವ ಮೊದಲೇ ಸೈನ್ಯ ಅವರನ್ನು ಹೊರಹಾಕಿತು. 1994ರಲ್ಲಿ ಅಮೆರಿಕದ ಸೈನ್ಯವೇ ಅವರನ್ನು ಮರಳಿ ತಂದು ಕೂರಿಸಿತು, ಜೊತೆಗೆ ಉದಾರೀಕರಣದ ಕಾರ್ಯಸೂಚಿಯೂ ಬಂತು. 1995ರಲ್ಲಿ ಅಕ್ಕಿಯ ಆಮದು ಸುಂಕ ಶೇಕಡ 3ಕ್ಕೆ ಇಳಿಯಿತು. ಕೆರಿಬಿಯನ್ ಸಮುದಾಯದ ಉಳಿದ ದೇಶಗಳು ಹೊರಗಿನ ಅಕ್ಕಿಯ ಮೇಲೆ ಹಾಕುವ ಸಾಮಾನ್ಯ ಸುಂಕ ಶೇಕಡ 25 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಅಂಕಿಯ ಅರ್ಥ ತಿಳಿಯುತ್ತದೆ.

ಅರ್ಕನ್ಸಾ ಮೊದಲಾದ ಅಮೆರಿಕದ ರಾಜ್ಯಗಳಲ್ಲಿ ಸರ್ಕಾರದ ಸಹಾಯಧನ ಪಡೆದು ಬೆಳೆದ ಅಕ್ಕಿ ಹಡಗುಗಟ್ಟಲೆ ಬಂದು ಇಳಿಯಿತು. ಜನ ಅದನ್ನು ಮಿಯಾಮಿ ಅಕ್ಕಿ ಎಂದು ಕರೆದರು. ಬಿಳುಪಾಗಿ, ಕಲ್ಲು ನುಚ್ಚಿಲ್ಲದೆ, ಊರ ಅಕ್ಕಿಗಿಂತ ಅಗ್ಗವಾಗಿ ಸಿಗುತ್ತಿದ್ದ ಆ ಅಕ್ಕಿಯನ್ನು ಪಟ್ಟಣದ ಬಡವರು ಕೊಂಡರೆ ತಪ್ಪೆನ್ನುವಂತಿರಲಿಲ್ಲ. ಅತ್ತ ಕಣಿವೆಯ ರೈತನಿಗೆ ಮಾತ್ರ ಗೊಬ್ಬರದ, ನೀರಿನ, ಸಾಲದ ಬಡ್ಡಿಯ ಖರ್ಚು ಕಳೆದರೆ ಕೈಯಲ್ಲಿ ಏನೂ ಉಳಿಯಲಿಲ್ಲ. ಜೋಳ, ಗೆಣಸು ಬೆಳೆಯುತ್ತಿದ್ದ ಬೆಟ್ಟದ ರೈತನಿಗೂ ಗಿರಾಕಿ ತಪ್ಪಿದರು, ಏಕೆಂದರೆ ಅನ್ನ ಈಗ ಪ್ರತಿದಿನದ ಊಟವಾಗಿತ್ತು. ಅಕ್ಕಿಯ ಸುಂಕ ಇಳಿದಾಗ ಅಕ್ಕಿ ಬೆಳೆಯದವನೂ ಕೆಟ್ಟ ಎಂಬ ಈ ಸಂಗತಿಯನ್ನು ಆಮದು ನೀತಿಯ ಚರ್ಚೆಗಳಲ್ಲಿ ಸಾಮಾನ್ಯವಾಗಿ ಗಮನಿಸುವುದೇ ಇಲ್ಲ.

ಇಷ್ಟು ಕಡಿಮೆ ಸುಂಕವೂ ಕೆಲವರಿಗೆ ಭಾರವಾಯಿತು. ಹ್ಯೂಸ್ಟನ್ನಿನ ಅಮೆರಿಕನ್ ರೈಸ್ ಕಂಪನಿಯ ಇಬ್ಬರು ಅಧಿಕಾರಿಗಳು, 1990ರ ದಶಕದ ಉತ್ತರಾರ್ಧದಲ್ಲಿ ಹೈಟಿಯ ಅಧಿಕಾರಿಗಳಿಗೆ ಲಂಚ ಕೊಟ್ಟು, ಹಡಗಿನಲ್ಲಿ ಬಂದ ಅಕ್ಕಿಯ ಪ್ರಮಾಣವನ್ನು ಕಡಿಮೆ ತೋರಿಸಿ, ಸುಂಕ ಮತ್ತು ಮಾರಾಟ ತೆರಿಗೆ ತಪ್ಪಿಸಿದರೆಂದು ಅಮೆರಿಕದ ನ್ಯಾಯಾಲಯದಲ್ಲಿ 2004ರಲ್ಲಿ ಸಾಬೀತಾಯಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಶಿಕ್ಷೆಯನ್ನು ಎತ್ತಿಹಿಡಿಯಿತು. ಲಂಚ ಕೊಟ್ಟವರಿದ್ದರೆ ತೆಗೆದುಕೊಂಡವರೂ ಇದ್ದರು. ಹೈಟಿಯ ದುರವಸ್ಥೆಗೆಲ್ಲ ಹೊರಗಿನವರೇ ಕಾರಣ ಎಂದು ಬರೆದು ಮುಗಿಸುವುದು ಸುಲಭ, ಆದರೆ ಬಂದರಿನ ಬಳಿ ಆಮದಿನ ಗುತ್ತಿಗೆ ಹಿಡಿದು ಕುಳಿತ ಕೆಲವೇ ಶ್ರೀಮಂತ ಕುಟುಂಬಗಳಿಗೆ ಕಣಿವೆಯ ಭತ್ತ ಹಾಳಾದಷ್ಟೂ ಲಾಭವೇ ಇತ್ತು. ಇದೇ ಕುಟುಂಬಗಳ ಜೊತೆ ಹೊಂದಿಕೊಂಡ ರಾಜಕಾರಣ ಸುಂಕವನ್ನು ಮತ್ತೆ ಏರಿಸುವ, ಕಾಲುವೆ ತೋಡುವ ಗೋಜಿಗೆ ಹೋಗಲಿಲ್ಲ.

2010ರ ಮಾರ್ಚ್ 10ರಂದು, ಸುಂಕ ಇಳಿಸಲು ಒತ್ತಾಯಿಸಿದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್, ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಆ ನೀತಿಯಿಂದ ತಮ್ಮ ಅರ್ಕನ್ಸಾದ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಆದರೆ ಹೈಟಿ ತನ್ನ ಜನರಿಗೆ ಬೇಕಾದ ಅಕ್ಕಿ ಬೆಳೆಯುವ ಶಕ್ತಿಯನ್ನೇ ಕಳೆದುಕೊಂಡಿತು, ಅದರ ಹೊಣೆಯನ್ನು ತಾವು ಪ್ರತಿದಿನ ಹೊರಬೇಕಾಗಿದೆ ಎಂಬುದು ಅವರ ಮಾತಿನ ಸಾರ. ಒಬ್ಬ ಮಾಜಿ ಅಧ್ಯಕ್ಷ ಹೀಗೆ ಒಪ್ಪಿಕೊಳ್ಳುವುದು ಅಪರೂಪ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಆ ಮಾತಿನ ನಂತರವೂ ಆಮದು ನಿಲ್ಲಲಿಲ್ಲ. ಇಂದು ಹೈಟಿಯ ಅಕ್ಕಿಯ ಶೇಕಡ 80ಕ್ಕೂ ಹೆಚ್ಚು ಪಾಲು ಹೊರಗಿನದು, ಅದರಲ್ಲಿ ಬಹುಪಾಲು ಅಮೆರಿಕದ್ದೇ.

ಅನ್ನ ಹೊರಗಿನಿಂದ ಬರುವಾಗ ಹಸಿವೂ ಹೊರಗಿನಿಂದಲೇ ಬರುತ್ತದೆ. 2007-08ರಲ್ಲಿ ಭಾರತ ಬಾಸ್ಮತಿಯೇತರ ಅಕ್ಕಿಯ ರಫ್ತನ್ನು ತಡೆಯಿತು, ವಿಯೆಟ್ನಾಂ ಸಹ ಅದೇ ದಾರಿ ಹಿಡಿಯಿತು. ನಮ್ಮಲ್ಲಿ ಅದು ಒಳನಾಡಿನ ಬೆಲೆ ಹತೋಟಿಯ ಕ್ರಮವಾಗಿ ಸುದ್ದಿಯಾಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ದರ ಜಿಗಿದಾಗ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ಮಾಮಿಟ್ ಅಕ್ಕಿಯ ಬೆಲೆಯೂ ಜಿಗಿಯಿತು. ಹೊಟ್ಟೆಯೊಳಗೆ ಕ್ಲೋರಾಕ್ಸ್ ಎಂಬ ಬ್ಲೀಚಿಂಗ್ ದ್ರಾವಣ ಸುರಿದಂತೆ ಉರಿಯುವ ಆ ಹಸಿವಿಗೆ ಜನ ಕ್ಲೋರಾಕ್ಸ್ ಹಸಿವು ಎಂದೇ ಹೆಸರಿಟ್ಟರು. 2008ರ ಏಪ್ರಿಲಿನಲ್ಲಿ ಬೀದಿಗಳಲ್ಲಿ ಗಲಭೆಗಳಾಗಿ ಪ್ರಧಾನಿ ಜಾಕ್-ಎಡುವಾರ್ ಅಲೆಕ್ಸಿಸ್ ಅಧಿಕಾರ ಕಳೆದುಕೊಂಡರು.

ನೆಲ ನಡುಗಿತು, ನೀರು ಕೆಟ್ಟಿತು

ಗದ್ದೆ ಬಿಟ್ಟವರು ಹೋದದ್ದು ರಾಜಧಾನಿಗೆ. ಸಿಟೆ ಸೊಲೈಲ್‌ನಂಥ ಕೊಳೆಗೇರಿಗಳು ಉಬ್ಬಿದವು, ಬೆಟ್ಟದ ಇಳಿಜಾರುಗಳಲ್ಲಿ ಕಬ್ಬಿಣ ಕಡಿಮೆ ಹಾಕಿದ ಸಿಮೆಂಟ್ ಇಟ್ಟಿಗೆಯ ಮನೆಗಳು ಒಂದರ ಮೇಲೊಂದು ಎದ್ದವು. 2010ರ ಜನವರಿ 12ರ ಸಂಜೆ 4 ಗಂಟೆ 53 ನಿಮಿಷಕ್ಕೆ 7.0 ತೀವ್ರತೆಯ ಭೂಕಂಪವಾದಾಗ ಸತ್ತವರಲ್ಲಿ ದೊಡ್ಡ ಪಾಲು ಇಂಥ ಮನೆಗಳವರು. ಸಾವಿನ ಅಂದಾಜು 1 ಲಕ್ಷದಿಂದ ಸರ್ಕಾರ ಹೇಳಿದ 3 ಲಕ್ಷ 16 ಸಾವಿರದವರೆಗೆ ಇದೆ. ಸುಮಾರು 15 ಲಕ್ಷ ಜನ ಮನೆ ಕಳೆದುಕೊಂಡರು. ಅದೇ ವರ್ಷ ಚಿಲಿಯಲ್ಲಿ ಇದಕ್ಕಿಂತ ಎಷ್ಟೋ ಪ್ರಬಲವಾದ ಭೂಕಂಪವಾಗಿ ಸತ್ತವರು ಸುಮಾರು 500 ಎಂಬುದನ್ನು ನೆನೆದರೆ, ಕೊಂದದ್ದು ಭೂಮಿಯ ನಡುಕವೊಂದೇ ಅಲ್ಲ ಎಂಬುದು ಮನದಟ್ಟಾಗುತ್ತದೆ.

ತುರ್ತು ನೆರವಿನ ಹಣದಲ್ಲಿ ಹೈಟಿ ಸರ್ಕಾರದ ಕೈಗೆ ನೇರವಾಗಿ ಬಂದದ್ದು ಸುಮಾರು ಶೇಕಡ 1. ಉಳಿದದ್ದು ವಿದೇಶಿ ಸೇನೆ, ಸಂಸ್ಥೆ, ಗುತ್ತಿಗೆದಾರರ ಮೂಲಕ ಹರಿಯಿತು. ನೆರವಿನ ಅಕ್ಕಿ ಬಿಟ್ಟಿಯಾಗಿ ಬಂದು ಬೀಳುತ್ತಿದ್ದಾಗ ಕಣಿವೆಯ ಅಕ್ಕಿಯನ್ನು ಕೇಳುವವರಿಲ್ಲದಾಯಿತು. ಭೂಕಂಪವಾಗಿ ಎರಡು ತಿಂಗಳಾಗುವಷ್ಟರಲ್ಲಿ ಅಧ್ಯಕ್ಷ ರೆನೆ ಪ್ರೆವಾಲ್, ಹೊರಗಿನಿಂದ ಆಹಾರ ಕಳುಹಿಸುವುದನ್ನು ನಿಲ್ಲಿಸಿ ಊರಿನವರಿಗೆ ಕೆಲಸ ಸಿಗುವಂತೆ ನೆರವಾಗಿ ಎಂದು ಕೇಳಿಕೊಳ್ಳಬೇಕಾಯಿತು.

ಅದೇ ಅಕ್ಟೋಬರಿನಲ್ಲಿ ಕಣಿವೆಗೆ ಕಾಲರಾ ಬಂತು. ಅಲ್ಲಿಯವರೆಗೆ ಆಧುನಿಕ ಕಾಲದಲ್ಲಿ ಹೈಟಿಯಲ್ಲಿ ಕಾಲರಾ ದಾಖಲಾಗಿರಲಿಲ್ಲ. ಮಿರ್‌ಬಾಲೆ ಪಟ್ಟಣದ ಬಳಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೇಪಾಳಿ ತುಕಡಿಯ ಶಿಬಿರವಿತ್ತು. ಅಲ್ಲಿನ ಮಲ ಸರಿಯಾದ ವಿಲೇವಾರಿಯಿಲ್ಲದೆ ಪಕ್ಕದ ಹಳ್ಳಕ್ಕೆ, ಹಳ್ಳದಿಂದ ಆರ್ಟಿಬೊನೀಟ್‌ಗೆ ಸೇರಿತು. ನದಿಯ ನೀರು ಕಾಲುವೆಯಲ್ಲಿ ಹರಿದು ಗದ್ದೆ ಗದ್ದೆಗೂ ಹೋಗುವುದು ತಾನೇ ನೀರಾವರಿಯ ಉದ್ದೇಶ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ದುಡಿಯುವವರು ಬಾಯಾರಿದಾಗ ಕುಡಿಯುತ್ತಿದ್ದುದೂ ಆ ನೀರನ್ನೇ. ಕೆಲವೇ ದಿನಗಳಲ್ಲಿ ಸೇಂಟ್-ಮಾರ್ಕ್ ಆಸ್ಪತ್ರೆಯ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ರೋಗಿಗಳು ಮಲಗಿದ್ದರು. ಮುಂದಿನ ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ ಸುಮಾರು 10 ಸಾವಿರ ಮಂದಿ ಸತ್ತರು. ಕೊಯ್ಲಿಗೆ ಬಂದ ಪೈರಿದ್ದರೂ ಗದ್ದೆಗೆ ಇಳಿಯಲು ಜನ ಹೆದರಿದರು. ವಿಶ್ವಸಂಸ್ಥೆ ಮೊದಲು ಹೊಣೆಯನ್ನು ನಿರಾಕರಿಸಿತು, ಆಮೇಲೆ ಕಾನೂನಿನ ರಕ್ಷಣೆಯ ಹಿಂದೆ ನಿಂತಿತು. 2016ರ ಡಿಸೆಂಬರಿನಲ್ಲಿ ಮಹಾಪ್ರಧಾನ ಕಾರ್ಯದರ್ಶಿ ಬಾನ್ ಕಿ-ಮೂನ್ ಕ್ಷಮೆ ಕೇಳಿದರು. 40 ಕೋಟಿ ಡಾಲರ್ ಪರಿಹಾರ ಯೋಜನೆಗೆ ಸದಸ್ಯ ರಾಷ್ಟ್ರಗಳು ಕೊಟ್ಟದ್ದು ಅದರ ಸಣ್ಣ ಅಂಶ. ಇಡೀ ಪ್ರಕರಣದಲ್ಲಿ ನನ್ನನ್ನು ಅತ್ಯಂತ ಕಲಕಿದ ಭಾಗ ಇದು. ರಕ್ಷಣೆಗೆಂದು ಬಂದವರು ತಂದ ರೋಗದಿಂದ ಸತ್ತವರ ಮನೆಯವರಿಗೆ ದೂರು ಸಲ್ಲಿಸಲು ಒಂದು ನ್ಯಾಯಪೀಠವೂ ಸಿಗಲಿಲ್ಲ.

ಮತಪೆಟ್ಟಿಗೆಯಿಂದ ಬಂದೂಕಿಗೆ

ವೆನೆಜುವೆಲಾ ಪೆಟ್ರೋಕರೀಬೆ ಯೋಜನೆಯಡಿ ಹೈಟಿಗೆ ತೈಲವನ್ನು ಸುಲಭ ಸಾಲದ ಮೇಲೆ ಕೊಡುತ್ತಿತ್ತು. ತೈಲ ಮಾರಿ ಬಂದ ಹಣ ಅಭಿವೃದ್ಧಿಗೆ ಹೋಗಬೇಕಿತ್ತು. ಸುಮಾರು 200 ಕೋಟಿ ಡಾಲರ್‌ನ ಈ ಹಣದಲ್ಲಿ ಆಸ್ಪತ್ರೆ, ರಸ್ತೆ, ಕಾಲುವೆ ಎಷ್ಟು ಎದ್ದವು ಎಂಬ ಪ್ರಶ್ನೆಗೆ ಉತ್ತರ ಬರದಿದ್ದಾಗ, 2018ರ ಆಗಸ್ಟಿನಲ್ಲಿ ಯುವಜನರು ಪೆಟ್ರೋಕರೀಬೆ ಹಣ ಎಲ್ಲಿ ಎಂದು ರಟ್ಟಿನ ಹಲಗೆಯ ಮೇಲೆ ಬರೆದು ಹಿಡಿದರು. ಮರುವರ್ಷ ಲೆಕ್ಕಪರಿಶೋಧನಾ ನ್ಯಾಯಾಲಯದ ವರದಿಗಳು ಅಕ್ರಮಗಳನ್ನು ಪುಟಗಟ್ಟಲೆ ದಾಖಲಿಸಿದವು. ತಿಂಗಳುಗಟ್ಟಲೆ ಬೀದಿ, ಶಾಲೆ, ಅಂಗಡಿ ಮುಚ್ಚಿದ ಆ ಕಾಲವನ್ನು ಜನ ಬೀಗ ಬಿದ್ದ ದೇಶ ಎಂಬ ಅರ್ಥದಲ್ಲಿ ಪೇಯಿ ಲಾಕ್ ಎಂದು ನೆನೆಯುತ್ತಾರೆ.

ಅಧ್ಯಕ್ಷ ಜೊವೆನೆಲ್ ಮೊಯಿಸ್ ಗೆದ್ದ 2016ರ ಚುನಾವಣೆಯಲ್ಲಿ ಮತ ಹಾಕಿದವರು ಐವರಲ್ಲಿ ಒಬ್ಬರಷ್ಟೇ. 2020ರ ಜನವರಿಯಲ್ಲಿ ಸಂಸತ್ತಿನ ಅವಧಿ ಮುಗಿದರೂ ಚುನಾವಣೆ ನಡೆಯಲಿಲ್ಲ. 2021ರ ಜುಲೈ 7ರ ನಸುಕಿನಲ್ಲಿ ಕೊಲಂಬಿಯಾದ ಬಾಡಿಗೆ ಸೈನಿಕರು ಅವರ ಮನೆಗೆ ನುಗ್ಗಿ ಅವರನ್ನು ಕೊಂದರು. 2023ರ ಜನವರಿಯಲ್ಲಿ ಉಳಿದಿದ್ದ 10 ಸೆನೆಟರುಗಳ ಅವಧಿಯೂ ತೀರಿ, ಇಡೀ ದೇಶದಲ್ಲಿ ಜನರಿಂದ ಆರಿಸಿಬಂದ ಒಬ್ಬ ಪ್ರತಿನಿಧಿಯೂ ಇಲ್ಲದಂತಾಯಿತು.

ಶಸ್ತ್ರಧಾರಿ ಗುಂಪುಗಳು ಈ ಶೂನ್ಯದಲ್ಲಿ ತಾವಾಗಿ ಹುಟ್ಟಿದವು ಎಂದು ಬರೆಯುವುದು ಸರಿಯಲ್ಲ. ಗ್ರಾನ್ ಗ್ರಿಫ್ ಗುಂಪನ್ನು ಕಟ್ಟುವುದರಲ್ಲಿ, ಅದಕ್ಕೆ ಆಯುಧ ಕೊಡುವುದರಲ್ಲಿ ಕಣಿವೆಯ ಒಬ್ಬ ಮಾಜಿ ಸಂಸದನ ಕೈವಾಡವಿತ್ತು ಎಂದು ಹೇಳಿ ಅಮೆರಿಕದ ಖಜಾನೆ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಆತನ ಮೇಲೂ ಗುಂಪಿನ ನಾಯಕನ ಮೇಲೂ ನಿರ್ಬಂಧ ಹೇರಿತು. ಚುನಾವಣೆಯ ಕಾಲದಲ್ಲಿ ಊರನ್ನು ಹತೋಟಿಯಲ್ಲಿಡಲು ಕೈಗೆ ಕೊಟ್ಟ ಕೋವಿ ಆಮೇಲೆ ಕೊಟ್ಟವನ ಮಾತನ್ನೂ ಕೇಳುವುದಿಲ್ಲ. ಸಾವಿಯೆನ್ ಎಂಬಲ್ಲಿ ಬೀಡುಬಿಟ್ಟ ಈ ಗುಂಪು ಹೆದ್ದಾರಿಯಲ್ಲಿ ಸುಂಕ ಎತ್ತಿತು, ಬಸ್ಸು ತಡೆದು ಜನರನ್ನು ಅಪಹರಿಸಿತು, ಫಸಲು ದೋಚಿತು. ಮಾದಾಮ್ ಸಾರಾಗಳು ರಾಜಧಾನಿ ತಲುಪುವಷ್ಟರಲ್ಲಿ ಹಲವು ಗುಂಪುಗಳಿಗೆ ದಾರಿಹಣ ತೆರಬೇಕು. ಅದೆಲ್ಲ ಸೇರಿ ಕಣಿವೆಯ ಅಕ್ಕಿ ಇನ್ನಷ್ಟು ದುಬಾರಿಯಾಗಿ, ಬಂದರಿನಲ್ಲಿ ಇಳಿಯುವ ಅಕ್ಕಿಯ ಎದುರು ಮತ್ತೊಮ್ಮೆ ಸೋಲುತ್ತದೆ. 1995ರಲ್ಲಿ ಸುಂಕವನ್ನು ಇಳಿಸಿದ್ದು ಹಡಗಿನ ಅಕ್ಕಿಗೆ. ಇಂದು ಸುಂಕ ಬಿದ್ದಿರುವುದು ಊರ ಅಕ್ಕಿಗೆ. ಪೋಂಟ್-ಸೊಂಡೆಯ ಜನ ಈ ದಾರಿಹಣದ ವಿರುದ್ಧ ನಿಂತ ಊರ ಕಾವಲು ಗುಂಪಿಗೆ ಬೆಂಬಲ ಕೊಟ್ಟದ್ದೇ ಅಕ್ಟೋಬರ್ 3ರ ದಾಳಿಗೆ ಕಾರಣವೆಂದು ಹೇಳಲಾಗಿದೆ.

ರಾಜಧಾನಿಯ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 2024ರ ಫೆಬ್ರವರಿ ಕೊನೆಯಲ್ಲಿ ಗುಂಪುಗಳು ಒಂದಾಗಿ ವಿಮಾನ ನಿಲ್ದಾಣ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ, ಕಾರಾಗೃಹಗಳನ್ನು ಒಡೆದು ನಾಲ್ಕು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಬಿಡಿಸಿದವು. ಪ್ರಧಾನಿ ಏರಿಯಲ್ ಹೆನ್ರಿ ರಾಜೀನಾಮೆ ಕೊಟ್ಟು, ಏಪ್ರಿಲಿನಲ್ಲಿ 9 ಸದಸ್ಯರ ಮಧ್ಯಂತರ ಅಧ್ಯಕ್ಷೀಯ ಮಂಡಳಿ ಬಂತು. ಆ ಮಾರ್ಚಿನಲ್ಲಿ ಭಾರತ ಆಪರೇಷನ್ ಇಂದ್ರಾವತಿ ಹೆಸರಿನಲ್ಲಿ ತನ್ನ 12 ನಾಗರಿಕರನ್ನು ಹೈಟಿಯಿಂದ ಡೊಮಿನಿಕನ್ ಗಣರಾಜ್ಯಕ್ಕೆ ಸಾಗಿಸಿದಾಗಲೇ ನಮ್ಮ ಪತ್ರಿಕೆಗಳಲ್ಲಿ ಆ ದೇಶದ ಹೆಸರು ಒಂದೆರಡು ದಿನ ಕಾಣಿಸಿಕೊಂಡದ್ದು. ಜೂನಿನಲ್ಲಿ ಕೀನ್ಯಾದ ನಾಯಕತ್ವದ ಪೊಲೀಸ್ ಪಡೆ ಬಂದಿಳಿಯಿತು. 2,500 ಮಂದಿ ಎಂದು ಹೇಳಿದ್ದ ಆ ಪಡೆ ಸುಮಾರು 1,000ದ ಆಸುಪಾಸಿನಲ್ಲೇ ಉಳಿಯಿತು, ಅದರ ಮೊದಲ ಸಾವು 2025ರ ಫೆಬ್ರವರಿಯಲ್ಲಿ ಸಂಭವಿಸಿದ್ದು ಇದೇ ಆರ್ಟಿಬೊನೀಟ್‌ನಲ್ಲಿ. 2025ರ ಸೆಪ್ಟೆಂಬರ್ 30ರಂದು ಭದ್ರತಾ ಮಂಡಳಿ ಇದನ್ನು 5,550 ಮಂದಿಯ ಗುಂಪು ನಿಗ್ರಹ ಪಡೆಯಾಗಿ ಮಾರ್ಪಡಿಸಲು ಒಪ್ಪಿತು. ಅಷ್ಟರಲ್ಲಿ ಮನೆ ಬಿಟ್ಟವರ ಸಂಖ್ಯೆ 13 ಲಕ್ಷ ದಾಟಿತ್ತು. 57 ಲಕ್ಷ ಜನ, ಅಂದರೆ ದೇಶದ ಅರ್ಧದಷ್ಟು ಮಂದಿ, ತೀವ್ರ ಆಹಾರ ಅಭಾವದಲ್ಲಿದ್ದರು. ಅರ್ಧ ದೇಶ ಹಸಿದಿರುವಾಗ ದೇಶದ ಅತ್ಯುತ್ತಮ ಗದ್ದೆಗಳಲ್ಲಿ ಹಲವು ಬೀಳುಬಿದ್ದಿವೆ.

ಪಡೆ ಬೇಕೇ ಎಂದು ಕೇಳಿದರೆ, ಬೇಕು; ಬಂದೂಕಿನ ಎದುರು ರೈತ ಬರಿಗೈಯಲ್ಲಿ ನಾಟಿ ಮಾಡಲಾರ. ಆದರೆ 1994ರಿಂದ ಹೈಟಿಗೆ ಬಂದ ಪಡೆಗಳು ಹೆಚ್ಚಾಗಿ ರಾಜಧಾನಿಯ ಅರಮನೆ, ಬಂದರು, ವಿಮಾನ ನಿಲ್ದಾಣಗಳನ್ನು ಕಾದವು. ಸೇಂಟ್-ಮಾರ್ಕ್‌ನಿಂದ ರಾಜಧಾನಿಯವರೆಗಿನ ಹೆದ್ದಾರಿಯನ್ನು ಮೊದಲು ಬಿಡಿಸುವುದು, ಕಾಲುವೆಯ ಹೂಳು ತೆಗೆಯಲು ಊರಿನವರಿಗೇ ಕೂಲಿ ಕೊಡುವುದು, ಕೊಯ್ಲಿನ ತಿಂಗಳುಗಳಲ್ಲಾದರೂ ಆಮದಿನ ಅಕ್ಕಿಗೆ ಸುಂಕ ಏರಿಸಿ ಆ ಹಣವನ್ನು ಪಟ್ಟಣದ ಬಡವರ ಊಟಕ್ಕೆ ಬಳಸುವುದು, ಶಾಲೆಯ ಮಧ್ಯಾಹ್ನದ ಊಟಕ್ಕೆ ಕಣಿವೆಯ ಅಕ್ಕಿಯನ್ನೇ ಕೊಳ್ಳುವುದು: ಇವೆಲ್ಲ ಹೈಟಿಯ ರೈತ ಸಂಘಟನೆಗಳು ವರ್ಷಗಳಿಂದ ಕೇಳುತ್ತ ಬಂದಿರುವ ಸಂಗತಿಗಳಿಗೆ ಹತ್ತಿರವಾದವು. ಸುಂಕ ಏಕಾಏಕಿ ಏರಿದರೆ ಪಟ್ಟಣದ ಹಸಿದವರ ಮೇಲೆ ಹೊರೆ ಬೀಳುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯವಿದೆ, ಆದ್ದರಿಂದಲೇ ದಾರಿ ಮತ್ತು ನೀರು ಮೊದಲು, ಸುಂಕ ಆಮೇಲೆ ಎಂಬ ಕ್ರಮ ಅಗತ್ಯ.

ದೇಶದ ಈಶಾನ್ಯ ಮೂಲೆಯಲ್ಲಿ, ವಾನಾಮಿಂತ್ ಪಟ್ಟಣದ ಬಳಿ, ಡೊಮಿನಿಕನ್ ಗಡಿಯಾಗಿ ಹರಿಯುವ ಮ್ಯಾಸಕರ್ ಎಂಬ ನದಿಯಿದೆ. 1937ರಲ್ಲಿ ಡೊಮಿನಿಕನ್ ಸರ್ವಾಧಿಕಾರಿ ಟ್ರುಹಿಯೊನ ಸೈನಿಕರು ಗಡಿನಾಡಿನಲ್ಲಿ ಸಾವಿರಾರು ಹೈಟಿಯನ್ನರನ್ನು ಕೊಚ್ಚಿ ಹಾಕಿದ್ದು ಈ ನದಿಯ ಆಸುಪಾಸಿನಲ್ಲೇ. ಇದರಿಂದ ಮಾರಿಬಾರೂ ಬಯಲಿಗೆ ನೀರು ಒಯ್ಯಲು ಹೈಟಿ ಸರ್ಕಾರ ಆರಂಭಿಸಿದ ಕಾಲುವೆ, ಅಧ್ಯಕ್ಷ ಮೊಯಿಸ್ ಅವರ ಕೊಲೆಯ ನಂತರ ಅರ್ಧಕ್ಕೆ ನಿಂತಿತ್ತು. 2023ರ ಆಗಸ್ಟ್ ಕೊನೆಯಲ್ಲಿ ರೈತರು ತಾವೇ ಗುದ್ದಲಿ ಹಿಡಿದು ಅಗೆತ ಶುರು ಮಾಡಿದರು. ಇದನ್ನು ವಿರೋಧಿಸಿ ಸೆಪ್ಟೆಂಬರ್ 15ರಂದು ಡೊಮಿನಿಕನ್ ಸರ್ಕಾರ ಗಡಿಯನ್ನೇ ಮುಚ್ಚಿತು. ಕೆಲಸ ನಿಲ್ಲಲಿಲ್ಲ. ಕಾಲುವೆ ನಿಲ್ಲುವುದಿಲ್ಲ ಎಂಬ ಕ್ರೆಯೋಲ್ ಮಾತು ಗೋಡೆ, ಟೀ-ಶರ್ಟು, ಹಾಡುಗಳಲ್ಲಿ ತುಂಬಿಕೊಂಡಿತು. ಮಿಯಾಮಿ, ಮಾಂಟ್ರಿಯಲ್‌ಗಳಲ್ಲಿರುವ ಹೈಟಿಯನ್ನರು ಹಣ ಕಳುಹಿಸಿದರು. ಹೆಂಗಸರು ಹಂಡೆಗಟ್ಟಲೆ ಅಡುಗೆ ಮಾಡಿ ಬಡಿಸಿದರು, ಗಂಡಸರು ಸಾಲು ನಿಂತು ಕಲ್ಲು ಮತ್ತು ಸಿಮೆಂಟನ್ನು ಕೈಯಿಂದ ಕೈಗೆ ದಾಟಿಸಿದರು. ಯಾವ ದಾನಿ ಸಂಸ್ಥೆಯ ಫಲಕವೂ ಇಲ್ಲದ ಆ ಕಾಲುವೆಯಲ್ಲಿ ಈಗ ನೀರು ಹರಿದು, ಬಯಲಿನ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿದೆ.